ಹಳೇ ಬುಲೆಟ್‌ನಲ್ಲಿ ಪದೇ ಪದೇ ಫ್ಯೂಸ್ ಹೋಗುತ್ತಿದೆ, ಫುಲ್ ವೈರಿಂಗ್ ಬದಲಿಸಲೇ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನ್ನ ಬಲಗೈ ಹೆಬ್ಬೆರಳು ಚುರುಕ್ ಅಂದಿತು. ಮಾವ ಕೊಟ್ಟ 1997ರ ಬುಲೆಟ್, ಮಡಿಕೇರಿ ಮಳೆ, ಒಂದೇ ತಿಂಗಳಲ್ಲಿ ನಾಲ್ಕು ಫ್ಯೂಸ್, ಗಂಟಲು ಕಟ್ಟಿದ ಹಾರ್ನ್. ಫುಲ್ ವೈರಿಂಗ್ ಕಿಟ್ ಹಾಕಿಸಲೋ, ಬ್ಯಾಟರಿ ಮತ್ತು ಅದರ ಚಾರ್ಜನ್ನು ಹದದಲ್ಲಿಡುವ ರೆಗ್ಯುಲೇಟರ್ ಎರಡೂ ಬದಲಿಸಲೋ ಅಂತ ಕೇಳಿದ್ದೀರಿ. ಕೊನೆಯಲ್ಲಿ, "ಅಲ್ಲಿಯವರೆಗೆ ಸ್ವಲ್ಪ ದೊಡ್ಡ ಫ್ಯೂಸ್ ಹಾಕಿ ಓಡಿಸಬಹುದಾ" ಅಂತಲೂ ಸೇರಿಸಿದ್ದೀರಿ. ಆ ಒಂದು ಸಾಲಿಗೋಸ್ಕರವೇ ಕೂತು ಬರೆಯುತ್ತಿದ್ದೇನೆ. ಬೇಡ. ಖಂಡಿತ ಬೇಡ.

ನಮ್ಮದು 1995ರ ಸ್ಟ್ಯಾಂಡರ್ಡ್ 350. ಅದರ ಹಿಂದಿನ ವರ್ಷ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟುಹೋಯಿತು. ಇಲ್ಲಿ ಸುಂಟಿಕೊಪ್ಪದ ಹತ್ತಿರ ಚಿಕ್ಕ ತೋಟ ಇಟ್ಟುಕೊಂಡಿದ್ದ ಅಪ್ಪನಿಗೆ ಕನಸಲ್ಲೂ ಕಾಣದ ರೇಟು ಸಿಕ್ಕಿತು. ಆ ದುಡ್ಡಲ್ಲಿ ಬಂದ ಗಾಡಿ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಅಪ್ಪನಿಗೆ ಸೊಂಟ ನೋವು ಶುರುವಾದ ಮೇಲೆ 2011ರಲ್ಲಿ ನನ್ನ ಕೈಗೆ ಬಂತು.

ಬಂದ ಎರಡೇ ವಾರಕ್ಕೆ ಮೊದಲ ಫ್ಯೂಸ್ ಹೋಯಿತು. ತೋಟದ ಗೇಟಿನಲ್ಲಿ ಒಳಗೆ ತಿರುಗಿಸುತ್ತಿದ್ದೆ, ಗಾಡಿ ಸತ್ತುಹೋಯಿತು. ಮಳೆ ನೀರು ಹೋಗಿರಬೇಕು ಅಂದುಕೊಂಡೆ. ಎರಡನೇದು ಕುಶಾಲನಗರದ ಪೆಟ್ರೋಲ್ ಬಂಕಿನಲ್ಲಿ, ತಿರುಗಿಸಿಕೊಂಡು ಹೊರಗೆ ಬರುವಾಗ. ಮೂರನೇದು ಸುಂಟಿಕೊಪ್ಪದ ಸಂತೆ ದಿನ, ಎರಡು ಜೀಪಿನ ಮಧ್ಯೆ ಗಾಡಿ ತೂರಿಸುವಾಗ. ಮೂರನೇ ಸಲ ಆಂಪಿಯರ್ ಮೀಟರಿನ ಮುಳ್ಳು ಎಡಕ್ಕೆ, ಅಂದರೆ ಬ್ಯಾಟರಿ ಖಾಲಿಯಾಗುವ ಕಡೆಗೆ, ಪಟ್ ಅಂತ ಬಡಿದದ್ದನ್ನು ಕಣ್ಣಾರೆ ನೋಡಿದೆ. ನೋಡಿ ಏನಂದುಕೊಂಡೆ ಗೊತ್ತಾ? ಮೀಟರ್ ಕೆಟ್ಟಿದೆ ಅಂತ! ಒಂದು ಡಬ್ಬಿ ಫ್ಯೂಸ್ ತಂದು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡೆ. ಹೋದಾಗೆಲ್ಲ ಹಾಕಿದರಾಯಿತು ಅಂತ.

ಜೂನ್ ಕೊನೆಯಲ್ಲಿ ಸುಳ್ಯದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಸಂಪಾಜೆ ದಾಟುವಷ್ಟರಲ್ಲಿ ಕತ್ತಲಾಯಿತು. ಕೊಯನಾಡಿನಲ್ಲಿ ಚಹಾ ಕುಡಿದು ಗಾಡಿ ತಿರುಗಿಸಿದೆ, ಫ್ಯೂಸ್ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಡಬ್ಬಿ ಖಾಲಿ. ಮಳೆ ಹೇಗಿತ್ತು ಅಂದರೆ ರೇನ್‌ಕೋಟಿನ ಒಳಗಿದ್ದ ಮೊಬೈಲ್ ಕೂಡ ಒದ್ದೆ. ಟೂಲ್ ಬಾಕ್ಸಿನಲ್ಲಿ ಒಂದು ತುಂಡು ವೈರು ಇತ್ತು. ಹಲ್ಲಲ್ಲಿ ಕಚ್ಚಿ ಸಿಪ್ಪೆ ತೆಗೆದು, ಒಳಗಿನ ತಾಮ್ರದ ಎಳೆ ನಾಲ್ಕನ್ನು ಹೊಸೆದು, ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದೆ. ಒಂದೇ ಎಳೆ ಸಾಕಿತ್ತು ಅಂತ ನೀವು ಅನ್ನಬಹುದು. ಗಟ್ಟಿಯಾಗಿರಲಿ ಅಂತ ನಾಲ್ಕು ಹಾಕಿದ್ದು ನಾನು, ಬೇರೆ ಯಾರೂ ಅಲ್ಲ.

ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಎಷ್ಟು ಖುಷಿಯಾಯಿತು ಅಂದರೆ, ಹಾಡು ಗುನುಗುತ್ತಾ ಜೋಡುಪಾಲ ದಾಟಿದೆ. ಅದರ ಮೇಲಿನ ಒಂದು ತಿರುವು, ಬಲಕ್ಕೆ. ಹ್ಯಾಂಡಲ್ ಅರ್ಧಕ್ಕಿಂತ ಜಾಸ್ತಿ ತಿರುಗಿತು. ಮೊದಲು ಬಂದದ್ದು ವಾಸನೆ. ಟೈರ್ ಸುಟ್ಟ ವಾಸನೆ ಅಲ್ಲ, ಪ್ಲಾಸ್ಟಿಕ್ ಚಪ್ಪಲಿಯನ್ನು ಒಲೆಗೆ ಹಾಕಿದರೆ ಬರುತ್ತಲ್ಲ, ಅದು. ಆಮೇಲೆ ಹೆಡ್‌ಲೈಟ್ ಹೋಯಿತು, ಎಂಜಿನ್ ನಿಂತಿತು. ಅಷ್ಟು ಮಳೆಯಲ್ಲೂ ಹೆಡ್‌ಲೈಟ್ ಗೂಡಿನ ಸಂದಿಯಿಂದ ಬಿಳಿ ಹೊಗೆ. ಬ್ಯಾಟರಿ ವೈರು ಬಿಚ್ಚಬೇಕು ಅಂತ ಗೊತ್ತು, ಆದರೆ ಬೋಲ್ಟಿಗೆ ಸ್ಪ್ಯಾನರ್ ಬೇಕು, ಸ್ಪ್ಯಾನರ್ ಎಲ್ಲಿದೆ ಅಂತ ಕತ್ತಲಲ್ಲಿ ಕಾಣುತ್ತಿಲ್ಲ. ನಾನೇ ಹೊಸೆದು ಹಾಕಿದ್ದ ತಾಮ್ರದ ಎಳೆಯನ್ನು ಬರಿಗೈಯಲ್ಲಿ ಹಿಡಿದು ಕಿತ್ತೆ. ಹೆಬ್ಬೆರಳಿಗೆ ಅದು ಅಂಟಿಕೊಂಡೇ ಬಂತು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆದರೂ ಓದಿ. ಫ್ಯೂಸ್ ಅಂದರೆ ಇಡೀ ವೈರಿಂಗಿನಲ್ಲಿ ಬೇಕಂತಲೇ ಮಾಡಿಟ್ಟ ಬಡಕಲು ಜಾಗ. ಎಲ್ಲಾದರೂ ಶಾರ್ಟ್ ಆದರೆ, ಅಂದರೆ ಕರೆಂಟಿರುವ ವೈರಿನ ತಾಮ್ರ ನೇರ ಗಾಡಿಯ ಕಬ್ಬಿಣಕ್ಕೆ ತಾಗಿದರೆ, ಮೊದಲು ಫ್ಯೂಸ್ ಕರಗಲಿ, ಉಳಿದದ್ದು ಉಳಿಯಲಿ ಅಂತ. ಅದನ್ನು ಗಟ್ಟಿ ಮಾಡಿದರೆ ಶಾರ್ಟ್ ಹೋಗುವುದಿಲ್ಲ. ಮುಂದಿನ ಬಡಕಲು ಜಾಗ ಯಾವುದು ಅಂತ ಹುಡುಕಿಕೊಂಡು ಹೋಗುತ್ತದೆ. 16 ವರ್ಷದ ಗಾಡಿಯಲ್ಲಿ ಅದು ವೈರಿನ ಸಿಪ್ಪೆ. ಲೆಕ್ಕ ನೋಡಿ: 12 ವೋಲ್ಟಿನಲ್ಲಿ 21 ವಾಟಿನ ಬ್ರೇಕ್ ಬಲ್ಬ್ ಎಳೆಯುವುದು ಎರಡು ಆಂಪಿಯರಿಗಿಂತ ಕಮ್ಮಿ. ಅದೇ ಬ್ಯಾಟರಿ ನೇರ ಶಾರ್ಟ್ ಆದರೆ ಒಂದು ಕ್ಷಣಕ್ಕೆ ನೂರು ಆಂಪಿಯರಿನ ಮೇಲೂ ಕೊಡಬಲ್ಲದು. ಬಲ್ಬಿಗೆ ಅಂತ ಎಳೆದ ಸಣ್ಣ ವೈರಿನೊಳಗೆ ಅಷ್ಟು ಕರೆಂಟು ಹರಿದರೆ ಅದು ಹೀಟರ್ ಕಾಯಿಲ್ ಆಗುತ್ತದೆ. ಪಕ್ಕದಲ್ಲೇ ಕಟ್ಟಿರುವ ಏಳೆಂಟು ವೈರಿನ ಸಿಪ್ಪೆಯೂ ಕರಗುತ್ತದೆ, ಆಮೇಲೆ ಎಲ್ಲಕ್ಕೂ ಎಲ್ಲವೂ ತಾಗುತ್ತದೆ. ಮೇಲೆ ಪೆಟ್ರೋಲ್ ಟ್ಯಾಂಕ್. ದೊಡ್ಡ ಫ್ಯೂಸ್ ಹಾಕಿದರೂ ಇದೇ ಕತೆ, ಸ್ವಲ್ಪ ನಿಧಾನ ಅಷ್ಟೇ. ನಿಮ್ಮ ಗಾಡಿಗೆ ಎಷ್ಟು ಆಂಪಿಯರಿನದು ಅಂತ ಇದೆಯೋ ಅದೇ ಹಾಕಿ, ಒಂದೇ ಒಂದು ಆಂಪಿಯರ್ ಜಾಸ್ತಿಯೂ ಬೇಡ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಗೇಟು, ಬಂಕು, ಸಂತೆ, ಚಹಾ ಅಂಗಡಿ. ಎಲ್ಲ ಸಲವೂ ನಾನು ಹ್ಯಾಂಡಲ್ ಬಲಕ್ಕೆ ತಿರುಗಿಸಿದ್ದೆ. ಗಾಡಿ ನನಗೆ ಐದು ಸಲ ಒಂದೇ ಮಾತು ಹೇಳಿತ್ತು. ನಾನು ಐದು ಸಲವೂ ಮಳೆಯನ್ನು ಬೈದೆ.

ಆ ರಾತ್ರಿ ಒಂದು ಪಿಕಪ್ ಜೀಪಿನವರು ಮಡಿಕೇರಿ ಮುಟ್ಟಿಸಿದರು. ಗಾಡಿಯನ್ನು ಒಂದು ವರ್ಕ್‌ಶಾಪಿಗೆ ಹಾಕಿದೆ, ಹೆಸರು ಬೇಡ. ಹೊಸ ವೈರಿಂಗ್ ಕಿಟ್, ಹೊಸ ಬ್ಯಾಟರಿ, ಹೊಸ ರೆಗ್ಯುಲೇಟರ್. ನೀವು ಈಗ ಹಾಕಿಸಬೇಕು ಅಂತಿರುವ ಅದೇ ಪಟ್ಟಿ. 7,400 ರೂಪಾಯಿ ಬಿಲ್ ಆಯಿತು, ಆವತ್ತಿನ ಕಾಲಕ್ಕೆ. ತಂದು ನಾಲ್ಕನೇ ವಾರಕ್ಕೆ ತೋಟದ ಗೇಟಿನಲ್ಲಿ ಮತ್ತೆ ಫ್ಯೂಸ್ ಹೋಯಿತು.

ಕೊನೆಗೆ ಕುಶಾಲನಗರದಲ್ಲಿ ಜೀಪಿನ ವೈರಿಂಗ್ ಮಾಡುವ ಒಬ್ಬ ಕಾಕನ ಹತ್ತಿರ ಹೋದೆ. "ಬೈಕ್ ಎಲ್ಲ ನಾನು ಮುಟ್ಟುವುದಿಲ್ಲ ಮಾರಾಯ" ಅಂದರು. ನಾನು ಅಲ್ಲೇ ನಿಂತುಕೊಂಡೆ. ಅರ್ಧ ಗಂಟೆ ಬಿಟ್ಟು ಎದ್ದು ಬಂದರು, ನನ್ನ ಮುಖ ನೋಡಲಾಗದೆ ಇರಬೇಕು. ಮೊಳೆಗೆ ನೇತುಹಾಕಿದ್ದ ಒಂದು ಬ್ರೇಕ್ ಬಲ್ಬ್ ತಂದರು, ಅದಕ್ಕೆ ಎರಡು ವೈರು ಬೆಸುಗೆ ಹಾಕಿತ್ತು. ಫ್ಯೂಸ್ ತೆಗೆದು ಅದರ ಜಾಗಕ್ಕೆ ಆ ಎರಡು ತುದಿ ಕೊಟ್ಟರು. ಕೀ ಆನ್ ಮಾಡಿದಾಗ ಬಲ್ಬ್ ಮಂಕಾಗಿ ಹತ್ತಿತು. "ಹ್ಯಾಂಡಲ್ ತಿರುಗಿಸು." ಎಡಕ್ಕೆ ತಿರುಗಿಸಿದೆ, ಏನೂ ಆಗಲಿಲ್ಲ. ಬಲಕ್ಕೆ ತಿರುಗಿಸಿದೆ. ಬಲ್ಬ್ ಫಳಾರ್ ಅಂತ ಬೆಳಗಿತು. ಎಡಕ್ಕೆ ತಂದೆ, ಮಂಕು. ಬಲಕ್ಕೆ, ಫಳಾರ್. ಇನ್ನೂ ನಾಲ್ಕು ಸಲ ಆಡಿದೆ, ಕಾಕ ಬೈದರು.

ಟ್ಯಾಂಕ್ ಇಳಿಸಿ ನೋಡಿದರೆ, ಹ್ಯಾಂಡಲ್ ಕೆಳಗೆ ಫ್ರೇಮಿನ ಕತ್ತಿನ ಹತ್ತಿರ ವೈರಿನ ಕಟ್ಟು ಒಂದು ಕಬ್ಬಿಣದ ಅಂಚಿಗೆ ಒರೆಸಿಕೊಂಡು ಹೋಗಿತ್ತು. ಅಲ್ಲಿ ಇರಬೇಕಾದ ರಬ್ಬರ್ ಬುಷ್ ಎಂದೋ ಬಿದ್ದುಹೋಗಿದೆ. ಹೊಸ ಕಿಟ್ಟನ್ನೂ ವರ್ಕ್‌ಶಾಪಿನವರು ಅದೇ ದಾರಿಯಲ್ಲಿ, ರಬ್ಬರ್ ಇಲ್ಲದೆ ಎಳೆದಿದ್ದರು. ಒಂದು ವೈರಿನ ಮೇಲೆ ಎಳ್ಳಿನ ಕಾಳಿನಷ್ಟು ತಾಮ್ರ ಮಿನುಗುತ್ತಿತ್ತು. ಅಷ್ಟೇ. ಹಳೇ ಟ್ಯೂಬಿನ ತುಂಡು ಸುತ್ತಿ, ದಾರಿ ಬದಲಿಸಿ ಕಟ್ಟಿದರು. 50 ರೂಪಾಯಿ ತೆಗೆದುಕೊಂಡರು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಿಟ್ಟಾ ಬ್ಯಾಟರಿಯಾ ಅಂತ ಕೇಳುವ ಹಂತಕ್ಕೆ ನೀವಿನ್ನೂ ಬಂದೇ ಇಲ್ಲ. ತೊಂದರೆ ಎಲ್ಲಿದೆ ಅಂತ ಗೊತ್ತಿಲ್ಲದೆ ಸಾಮಾನು ಬದಲಿಸುವುದು ಅಂದರೆ ಸೂರು ಎಲ್ಲಿ ಸೋರುತ್ತದೆ ಅಂತ ನೋಡದೆ ನೆಲ ಒರೆಸಿದ ಹಾಗೆ.

ಒಂದು 12 ವೋಲ್ಟ್ 21 ವಾಟಿನ ಬಲ್ಬ್ ತನ್ನಿ, ಎರಡು ವೈರು ಬೆಸೆಯಿರಿ. ಪೆಟ್ರೋಲ್ ಕಾಕ್ ಮುಚ್ಚಿ, ಸಾಧ್ಯ ಆದರೆ ಟ್ಯಾಂಕ್ ಇಳಿಸಿ ದೂರ ಇಡಿ. ಫ್ಯೂಸಿನ ಜಾಗದಲ್ಲಿ ಬಲ್ಬ್ ಕೊಡಿ. ಕೀ ಆಫ್ ಇದ್ದಾಗಲೇ ಜೋರಾಗಿ ಹತ್ತಿದರೆ ಶಾರ್ಟ್ ಇರುವುದು ಫ್ಯೂಸಿಗೂ ಕೀಗೂ ಮಧ್ಯೆ. ಕೀ ಆನ್ ಮಾಡಿದ ಮೇಲೆ ಮಂಕಾಗಿ ಹತ್ತಿದರೆ ಹೆದರಬೇಡಿ. ಪಾಯಿಂಟ್ (ಎಂಜಿನ್ ತಿರುಗಿದಂತೆ ತೆರೆದು ಮುಚ್ಚುವ ಸಣ್ಣ ಸ್ವಿಚ್) ಮುಚ್ಚಿಕೊಂಡಿದ್ದಾಗ, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಎಳೆಯುವ ಕರೆಂಟು ಅದು. ಕಿಕ್ಕರನ್ನು ನಿಧಾನ ಒತ್ತಿ, ಪಾಯಿಂಟ್ ತೆರೆದಾಗ ಆರುತ್ತದೆ. ಈಗ ಹ್ಯಾಂಡಲ್ ತಿರುಗಿಸಿ, ಬ್ರೇಕ್ ಒತ್ತಿ, ಇಂಡಿಕೇಟರ್ ಹಾಕಿ, ಸೀಟಿನ ಕೆಳಗೆ, ಹಿಂದಿನ ಮಡ್‌ಗಾರ್ಡಿನ ಒಳಗೆ ಹೋಗುವ ವೈರನ್ನು ಒಂದೊಂದಾಗಿ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಬಲ್ಬ್ ಸ್ವಲ್ಪ ಹೆಚ್ಚು ಬೆಳಗುವುದು ಸಹಜ. ನೇರ ಬ್ಯಾಟರಿಗೆ ಹಿಡಿದಷ್ಟು ಬೆಳಗಿದರೆ ಮಾತ್ರ ಆ ದಾರಿಯಲ್ಲಿ ಕಳ್ಳ ಇದ್ದಾನೆ. ಎಷ್ಟು ಹೊತ್ತು ಹುಡುಕಿದರೂ ಒಂದೇ ಒಂದು ಫ್ಯೂಸ್ ಖರ್ಚಾಗುವುದಿಲ್ಲ.

ಹಾರ್ನ್ ಗಂಟಲು ಕಟ್ಟಿರುವುದು ಬೇರೆ ಕಾಯಿಲೆ ಇರಬಹುದು. ನನ್ನ ಅನುಮಾನ ಅರ್ಥ್ ಮೇಲೆ, ಅಂದರೆ ಬ್ಯಾಟರಿ ಮೈನಸ್ಸನ್ನು ಫ್ರೇಮಿಗೂ ಎಂಜಿನ್ನಿಗೂ ಸೇರಿಸುವ ಜೋಡಣೆಯ ಮೇಲೆ. ಮಾವ ಫ್ರೇಮಿಗೆ ಪೇಂಟ್ ಹೊಡೆಸಿ ಕೊಟ್ಟರು ಅಂತ ಬರೆದಿದ್ದೀರಿ ಅಲ್ವಾ? ಪೇಂಟ್ ಹೊಡೆಯುವವರು ಅರ್ಥ್ ವೈರಿನ ಬೋಲ್ಟಿನ ಕೆಳಗೂ ನೀಟಾಗಿ ಹೊಡೆದಿರುತ್ತಾರೆ. ಪೇಂಟಿನ ಮೇಲೆ ಕೂತ ಅರ್ಥ್ ಅರ್ಥ್ ಅಲ್ಲ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಮುಳ್ಳು ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಬ್ರೇಕ್ ಲೈಟ್ ಹತ್ತಿಸಿ ಹಾರ್ನ್ ಒತ್ತಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಹಾಳು. ಫ್ರೇಮಿಗೂ ಇದೇ ಪರೀಕ್ಷೆ. ಮರಳು ಕಾಗದದಲ್ಲಿ ಲೋಹ ಕಾಣುವಷ್ಟು ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಇದಾದ ಮೇಲೆ ಬ್ಯಾಟರಿ ನೋಡಿ. ರಾತ್ರಿ ಇಡೀ ಸುಮ್ನೆ ನಿಂತ ಗಾಡಿಯಲ್ಲಿ 12.6ರ ಹತ್ತಿರ, ಎಂಜಿನ್ ಸ್ವಲ್ಪ ಏರಿಸಿದಾಗ 14ರ ಆಸುಪಾಸು ಇದ್ದರೆ ಬ್ಯಾಟರಿಯನ್ನೂ ರೆಗ್ಯುಲೇಟರನ್ನೂ ಅವುಗಳ ಪಾಡಿಗೆ ಬಿಡಿ.

ಇನ್ನು ಎರಡು ಜಗಳದ ಮಾತು. ಆಯುಧಪೂಜೆಗೆ ಅಂತ ಪ್ರೆಷರ್ ವಾಶ್ ಹೊಡೆಸಬೇಡಿ. ನಾಲ್ಕು ತಿಂಗಳ ಕೊಡಗಿನ ಮಳೆ ಒಳಗೆ ನುಗ್ಗಿಸದ ಜಾಗಕ್ಕೆ ಆ ಗನ್ ಎರಡೇ ನಿಮಿಷದಲ್ಲಿ ನೀರು ನುಗ್ಗಿಸುತ್ತದೆ. ಬಕೆಟ್ಟು, ಬಟ್ಟೆ ಸಾಕು. ಕಪ್ಪು ಇನ್ಸುಲೇಶನ್ ಟೇಪನ್ನೂ ನಂಬಬೇಡಿ, ಒಂದು ಮಳೆಗಾಲಕ್ಕೆ ಅದು ಹಲಸಿನ ಮೇಣ. ವೈರು ಜೋಡಿಸಿದರೆ ಬೆಸುಗೆ ಹಾಕಿ, ಮೇಲೆ ಸ್ಲೀವ್ ತೊಡಿಸಿ.

ಕಾಕನ ಹತ್ತಿರದಿಂದ ಮನೆಗೆ ಬಂದು ಅಪ್ಪನಿಗೆ ಎಲ್ಲ ವಿವರಿಸಿದೆ, ಬಲಕ್ಕೆ ತಿರುಗಿಸಿದರೆ ಮಾತ್ರ ಹೀಗಾಗುತ್ತಿತ್ತು ಅಂತ. ಅಪ್ಪ ಕಾಫಿ ಲೋಟ ಕೆಳಗಿಡಲೂ ಇಲ್ಲ. "ಹೌದು, ಅದಕ್ಕೇ ನಾನು ಎರಡು ವರ್ಷದಿಂದ ಎಡಕ್ಕೇ ತಿರುಗಿಸಿ ನಿಲ್ಲಿಸುತ್ತಿದ್ದೆ" ಅಂದರು. ಹೇಳಬಾರದಾಗಿತ್ತಾ ಅಂದರೆ, "ನೀನು ಕೇಳಿದ್ಯಾ?"

ಬಲ್ಬ್ ತರುವ ಮೊದಲು ನಿಮ್ಮ ಮಾವನಿಗೆ ಒಂದು ಫೋನ್ ಮಾಡಿ. ಗಾಡಿ ನಿಲ್ಲಿಸುವಾಗ ಹ್ಯಾಂಡಲ್ ಯಾವ ಕಡೆ ಇಡುತ್ತಿದ್ದರು ಅಂತ ಕೇಳಿ.