ಶಾಯಿ ಪ್ಯಾಡು ಹಿಡಿದಿದ್ದವರ ಕಥೆ ಬರೆಯಿರಿ

ಮಾನ್ಯರೇ,

ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಥೆಗಳ ಮೂಲಕ ವೃತ್ತಿನೀತಿಯನ್ನು ಕಲಿಸುವುದರ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ನೀವು ಅದನ್ನು ಮತ್ತೆ ಬರೆಯಬೇಕೆಂಬ ಆಸೆಯಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಮೊದಲ್ಗೊಂಡು ಪಠ್ಯಕ್ರಮಕ್ಕೆ ಮನೋಭಾವ, ವೃತ್ತಿನೀತಿ, ಸಂವಹನಗಳನ್ನು ಕಲಿಸುವ ‘ಎಟ್‌ಕಾಮ್’ ಬಂದದ್ದು, ರೋಗಿಯ ಸ್ವಾಯತ್ತತೆ ಮೊದಲಾದ ವೈದ್ಯನೀತಿಯ ನಾಲ್ಕು ತತ್ತ್ವಗಳ ವಿವರಣೆ, ಇವೆಲ್ಲಕ್ಕೆ ಎರಡು ಪುಟಗಳು ಬೇಡ. ಒಂದು ಪ್ಯಾರಾ ಸಾಕು.

ಲೇಖನದ ಜೀವವಿರುವುದು ಮೂರನೆಯ ಪುಟದಲ್ಲಿ. ತಪಾಸಣೆಗೆಂದು ಬಂದ ಹೆಂಗಸೊಬ್ಬಳು ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ; ಅವಳು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ಗಂಡನನ್ನು ಕೇಳಿ ಗರ್ಭಕೋಶವನ್ನೇ ತೆಗೆಯುತ್ತಾರೆ. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು, ಪ್ರಾಣಾಪಾಯದ ತುರ್ತಿಲ್ಲದಿದ್ದರೆ ರೋಗಿಗೆ ಎಚ್ಚರವಾಗುವವರೆಗೆ ಕಾಯಲೇಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆದರೆ ನೀವು ಎರಡನೆಯ ವಾಕ್ಯದಲ್ಲೇ ಸರ್ಜನ್ನರನ್ನು ‘ಹೃದಯಹೀನ’ ಎಂದು ಕರೆದುಬಿಟ್ಟಿದ್ದೀರಿ. ಹಾಗೆ ಕರೆದ ಮೇಲೆ ವಿದ್ಯಾರ್ಥಿಗೆ ಯೋಚಿಸಲು ಏನೂ ಉಳಿಯುವುದಿಲ್ಲ, ಏಕೆಂದರೆ ತಾನು ಹೃದಯಹೀನನಲ್ಲ ಎಂಬುದು ಅವನಿಗೆ ಮೊದಲೇ ಗೊತ್ತು. ಅದೇ ಪುಟದ ಅರ್ಧ ವಾಕ್ಯವೊಂದರಲ್ಲಿ, ಅಂದು ಶಾಯಿ ಪ್ಯಾಡು ಹಿಡಿದು ನಿಂತಿದ್ದ ಇಂಟರ್ನ್ ನೀವೇ ಎಂಬ ಸಂಗತಿ ಬಂದು ಹೋಗುತ್ತದೆ. ಕಥೆ ಇರುವುದು ಅಲ್ಲಿ. ಅವಳು ನಿಮ್ಮನ್ನು ಏನಾದರೂ ಕೇಳಿದಳೇ? ಹಿಂದೆ ಎಷ್ಟು ಜನ ಕಾಯುತ್ತಿದ್ದರು? ನೀವು ಏಕೆ ಸುಮ್ಮನಿದ್ದಿರಿ?

ನ್ಯೂಜೆರ್ಸಿಯಲ್ಲಿ ವೈದ್ಯರಾಗಿದ್ದ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಅವರ ‘ದಿ ಯೂಸ್ ಆಫ್ ಫೋರ್ಸ್’ ಕಥೆಯನ್ನು ಒಮ್ಮೆ ಓದಿ. ಡಿಫ್ತೀರಿಯಾ ಎಂಬ ಅಪಾಯಕಾರಿ ಗಂಟಲುರೋಗ ಇರಬಹುದಾದ ಹುಡುಗಿ ಬಾಯಿ ತೆರೆಯಲು ಒಪ್ಪದಿದ್ದಾಗ ವೈದ್ಯ ಬಲಾತ್ಕಾರದಿಂದ ತೆರೆಸುತ್ತಾನೆ. ರೋಗ ನಿಜವಾಗಿಯೂ ಇರುತ್ತದೆ. ಅವನ ಊಹೆ ಸರಿ, ಉದ್ದೇಶವೂ ಸರಿ. ಆದರೂ ಆ ಜಗ್ಗಾಟದಲ್ಲಿ ತನಗೆ ಸಂತೋಷವಾಯಿತೆಂದು ಅವನೇ ಹೇಳಿಕೊಳ್ಳುತ್ತಾನೆ. ಇಂಥ ಕಡೆ ವಿದ್ಯಾರ್ಥಿ ಉತ್ತರಕ್ಕಾಗಿ ತಡಕಾಡುತ್ತಾನೆ, ತನ್ನನ್ನೇ ಗುಮಾನಿಯಿಂದ ನೋಡುತ್ತಾನೆ. ನಿಮ್ಮ ಘಟನೆಗೂ ಆ ಶಕ್ತಿಯಿದೆ.

ಈ ಘಟನೆಯನ್ನು ನೀವು ಹೇಳಿದ ತರಗತಿಯ ಬಗ್ಗೆ ‘ವಿದ್ಯಾರ್ಥಿಗಳು ಭಾವುಕರಾದರು’ ಎಂದಷ್ಟೇ ಬರೆದಿದ್ದೀರಿ. ಯಾರು ಏನೆಂದರು, ಯಾರು ಸರ್ಜನ್ನರ ಪರ ವಾದಿಸಿದರು ಎಂಬುದು ಬೇಕು. ವಾದಿಸಿದವರೇ ಇರಲಿಲ್ಲವಾದರೆ ಅದನ್ನೂ ಬರೆಯಿರಿ, ಅದು ಯೋಚಿಸಬೇಕಾದ ವಿಷಯ.

ಕೊನೆಯದಾಗಿ, ನನ್ನನ್ನು ಹೆಚ್ಚು ಕಾಡಿದ ಮಾತು. ಆಕೆಯ ಊರು, ಜಾತಿ, ವಯಸ್ಸು, ಗಂಡನ ಕಸುಬು ಎಲ್ಲವನ್ನೂ ಕೊಟ್ಟಿದ್ದೀರಿ; ಹೆಸರು ಬಿಟ್ಟ ಮಾತ್ರಕ್ಕೆ ಆ ಊರಿನವರಿಗೆ ಆಕೆ ಯಾರೆಂದು ತಿಳಿಯದೇ ಇರುವುದಿಲ್ಲ. ಅಂದು ಕೇಳದೇ ಹೋದ ಒಪ್ಪಿಗೆಯ ಬಗ್ಗೆ ಬರೆಯುವಾಗ ಇಂದೂ ಆಕೆಯನ್ನು ಕೇಳಿಲ್ಲ. ಸಾಧ್ಯವಿದ್ದರೆ ಆಕೆಯನ್ನು ಭೇಟಿಯಾಗಿ, ಬರೆದದ್ದನ್ನು ಓದಿ ಹೇಳಿ, ಬೇಡವೆಂದರೆ ಬಿಟ್ಟುಬಿಡಿ. ಭೇಟಿ ಸಾಧ್ಯವಾಗದಿದ್ದರೆ ಗುರುತುಗಳನ್ನು ಬದಲಿಸಿ, ಬದಲಿಸಿದ್ದೇನೆಂದು ಲೇಖನದಲ್ಲೇ ತಿಳಿಸಿ, ಆಮೇಲೆ ನನಗೆ ಕಳುಹಿಸಿ.

ಇತಿ,
ಸಂಪಾದಕ