ಸ್ಕೇಲು ತಂದಿದ್ದ ಹುಡುಗಿ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದಿದ್ದ ಹುಡುಗಿ, ಮೀರಾ ಅಂತ ಇಟ್ಟುಕೊಳ್ಳಿ, ವಯಸ್ಸು 23. ಕೂತವಳೇ ಬ್ಯಾಗಿನಿಂದ ಆರಿಂಚಿನ ಸ್ಕೇಲು ತೆಗೆದು ಮೇಜಿನ ಮೇಲಿಟ್ಟಳು. ಬಳಸಿ ಬಳಸಿ ಅದರ ಮೊದಲ ಗೆರೆಗಳು ಅಳಿಸಿಹೋಗಿದ್ದವು.

"ಮೇಡಂ, ನನ್ನ ಮುಖದ ಅನುಪಾತ 1.41. ಅದು 1.618 ಇರಬೇಕಂತೆ. ಮೂಗಿನ ಸರ್ಜರಿ ಮಾಡಿಸಿದರೆ ಸರಿಹೋಗುತ್ತೆ ಅಲ್ವಾ?"

1.618 ಅಂದರೆ 'ಗೋಲ್ಡನ್ ರೇಶಿಯೊ', ಸೌಂದರ್ಯದ ಸೂತ್ರ ಅಂತ ಕೆಲವರು ನಂಬುವ ಸಂಖ್ಯೆ. 1.41 ಮಾತ್ರ ಯಾವುದೋ ಆ್ಯಪ್ ಕೊಟ್ಟ ಅಂಕ. ಮುಖದ ಉದ್ದವನ್ನು ಅಗಲದಿಂದ ಭಾಗಿಸಿದ್ದು. ಮೂಗಿಗೂ ಅದಕ್ಕೂ ಸಂಬಂಧವೇ ಇಲ್ಲ! ದಿನಕ್ಕೆ ಎರಡು ಗಂಟೆ ಅಳೆಯುತ್ತಿದ್ದವಳಿಗೆ ಇದು ಹೊಳೆದಿರಲಿಲ್ಲ.

ಅವಳದೇ ಫೋನಿನಲ್ಲಿ ಎರಡು ಫೋಟೊ ತೆಗೆದೆವು. ಒಂದು ಅಡಿ ದೂರದಿಂದ ಒಂದು, ಐದು ಅಡಿಯಿಂದ ಜೂಮ್ ಮಾಡಿ ಇನ್ನೊಂದು. ಮೊದಲನೆಯದರಲ್ಲಿ ಮೂಗು ಉಬ್ಬಿ, ಕಿವಿ ಹಿಂದೆ ಸರಿದಿತ್ತು. ಅಷ್ಟು ಹತ್ತಿರದ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲವಾಗಿ ಕಾಣುತ್ತದೆ ಎಂದು 2018ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಎರಡೂ ಫೋಟೊಗಳನ್ನು ಅವಳು ತುಂಬಾ ಹೊತ್ತು ನೋಡಿದಳು.

ಆಮೇಲೆ ನಾನೊಂದು ತಪ್ಪು ಮಾಡಿದೆ. 1.618ಕ್ಕೆ ಆಧಾರವಿಲ್ಲ, 2010ರ ಪ್ರಯೋಗದಲ್ಲಿ ಜನ ಮೆಚ್ಚಿದ್ದು ಕಣ್ಣು-ಬಾಯಿಯ ಅಂತರ ಮುಖದ ಉದ್ದದ 36%, ಕಣ್ಣುಗಳ ನಡುವಿನ ಅಂತರ ಅಗಲದ 46% ಇದ್ದ ಮುಖಗಳನ್ನು, ಅಂದರೆ ಸರಾಸರಿ ಮುಖಗಳನ್ನು ಎಂದೆ. ಸಮಾಧಾನವಾಗಲಿ ಅಂತ ಹೇಳಿದ್ದು. ಅವಳ ಕೈ ಸೀದಾ ಸ್ಕೇಲಿನ ಮೇಲೆ ಹೋಯಿತು.

ಅಲ್ಲಿಗೆ ಅಂಕಿಗಳ ವಾದ ನಿಲ್ಲಿಸಿದೆ. ಸಮಸ್ಯೆ ಅಳತೆಯ ಫಲಿತಾಂಶದ್ದಲ್ಲ, ಅಳೆಯುವುದರದ್ದೇ. ಇದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ (ತನ್ನ ರೂಪದಲ್ಲಿ ದೋಷವಿದೆ ಎಂಬ ಗೀಳು) ಇರಬಹುದು ಅನಿಸಿ ಮನೋವೈದ್ಯರ ಬಳಿ ಕಳಿಸಿದೆ. ಅವರೂ ಹೌದೆಂದರು. ಇದಕ್ಕೆ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಯನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ ಇದೆ, ಔಷಧಿಯೂ ಇದೆ. ಸರ್ಜರಿ ಮಾತ್ರ ಈಗ ಬೇಡವೇ ಬೇಡ ಎಂದೆ. ಈ ಗೀಳು ಇದ್ದವರಿಗೆ ಆಪರೇಷನ್ ಆದ ಮೇಲೂ ತೃಪ್ತಿ ಸಿಗುವುದು ಅಪರೂಪ. ಮೂಗು ಬಿಟ್ಟು ಗದ್ದ ಹಿಡಿಯುತ್ತಾರೆ ಅಷ್ಟೆ.

ಕನ್ನಡಿ ತಲೆ ಬಾಚುವುದಕ್ಕೆ ಮಾತ್ರ, ಅದೂ ಕೈಚಾಚಿನಷ್ಟು ದೂರದಿಂದ. ಅಳೆಯಬೇಕು ಅನಿಸಿದರೆ ಹದಿನೈದು ನಿಮಿಷ ಮುಂದೂಡಿ, ಆಮೇಲೆ ನೋಡೋಣ ಎಂದೆ. ಅವಳ ಅಮ್ಮನಿಗೆ ಹೇಳಿದ ಮಾತು ಅವರಿಗೆ ಕಷ್ಟವಾಯಿತು: "ಚೆನ್ನಾಗಿದ್ದೀನಾ ಅಂತ ಕೇಳಿದಾಗ ಚೆನ್ನಾಗಿದ್ದೀಯ ಅನ್ನಬೇಡಿ. ಆ ಉತ್ತರ ಅರ್ಧ ಗಂಟೆಯೂ ನಿಲ್ಲುತ್ತಿಲ್ಲ, ಮತ್ತೆ ಕೇಳುತ್ತಾಳೆ. ಸುಮ್ನೆ ಮಾತು ಬೇರೆ ಕಡೆ ತಿರುಗಿಸಿ."

ಆರನೇ ಭೇಟಿಯಲ್ಲಿ ಸ್ಕೇಲನ್ನು ನನಗೆ ಕೊಟ್ಟಳು. "ಬೇಕು ಅಂದರೆ ವಾಪಸ್ ಕೊಡ್ತೀರಾ?" ಅಂದಳು. ಕೊಡ್ತೀನಿ ಎಂದೆ. ಇನ್ನೂ ಕೇಳಿಲ್ಲ. ಆ್ಯಪನ್ನು ಮಾತ್ರ ಅಳಿಸುತ್ತಾಳೆ, ಮತ್ತೆ ಹಾಕಿಕೊಳ್ಳುತ್ತಾಳೆ.