ಬೆಟ್ಟದ ಚಾರಣ ಮತ್ತು ಸೈಕಲ್ ದಾರಿಗಳಲ್ಲಿ ಸ್ವಯಂಸೇವಕರು ಮಾಡುವ ಕೆಲಸವೇನು? ಬೆಂಗಳೂರಿನ ಸುತ್ತ ನಾವೂ ಮಾಡಬಹುದೇ?

ಕಸ ಹೆಕ್ಕುತ್ತಾರೆ, ನಿಜ; ಆದರೆ ಹೆಚ್ಚು ಹೊತ್ತು ಗುದ್ದಾಡುವುದು ಮಳೆನೀರಿನ ಜೊತೆ. ಸೈಕಲ್ ಚಕ್ರ ಕೊರೆದ ಗೀರಿನಲ್ಲೇ ನೀರು ಹರಿದು, ಕೆಲವು ಮಳೆಗಾಲಗಳಲ್ಲಿ ಅದು ಕೊರಕಲಾಗುತ್ತದೆ. ಜನ ಅದನ್ನು ಬಿಟ್ಟು ಪಕ್ಕದ ಹುಲ್ಲು ತುಳಿಯುತ್ತಾರೆ; ದಾರಿ ಎರಡಾಗುತ್ತದೆ. ಅದಕ್ಕೇ ದಾರಿಗೆ ಅಡ್ಡಲಾಗಿ, ತುಸು ಓರೆಯಾಗಿ ಕಲ್ಲು ಹೂತು ನೀರನ್ನು ಇಳಿಜಾರಿನತ್ತ ತಿರುಗಿಸುತ್ತಾರೆ. ಕಲ್ಲಿನ ಬಹುಪಾಲು ನೆಲದೊಳಗಿರಬೇಕು, ಇಲ್ಲದಿದ್ದರೆ ಕಾಲಿಟ್ಟೊಡನೆ ಅಲ್ಲಾಡುತ್ತದೆ. ಅದರ ಹಿಂದೆ ತುಂಬಿದ ಹೂಳನ್ನು ಮುಂಗಾರಿಗೆ ಮುನ್ನ ಎತ್ತುವುದು ಬೇಸರದ ಕೆಲಸ (ಫೋಟೊಗೂ ಚೆನ್ನಾಗಿರುವುದಿಲ್ಲ), ಆದರೂ ಅದನ್ನು ಬಿಡುವಂತಿಲ್ಲ.

ಇಲ್ಲಿ ತುರಹಳ್ಳಿ, ಸಾವನದುರ್ಗದ ಕಾಡುಗಳು ಅರಣ್ಯ ಇಲಾಖೆಯ ಅಧೀನದಲ್ಲಿವೆ. ಗುದ್ದಲಿ ಹಿಡಿಯುವ ಮೊದಲು ಅನುಮತಿ ಪಡೆಯಿರಿ, ಲಂಟಾನ ಪೊದೆ ಕಡಿಯುವುದಕ್ಕೂ.